ಸಿಂಚನಾಳ ಗುಳ್ಳೆಗಳನ್ನು ಎಣಿಸಿದ ಶ್ರಾವಣ

ಆಗಸ್ಟ್ 3, ಭಾನುವಾರ, ಬೆಳಗ್ಗೆ 6 ಗಂಟೆ 40 ನಿಮಿಷ. ಕಳೆದ ವರ್ಷದ ನನ್ನ ದಿನಚರಿಯಲ್ಲಿ ಹೀಗೇ ಬರೆದಿದೆ. ಗುಬ್ಬಿಯಿಂದ ಐದು ಕಿಲೋಮೀಟರ್ ದೂರದಲ್ಲಿರುವ ಅಕ್ಕನ ಮನೆಯ ಹಿತ್ತಲಲ್ಲಿ ಹಲ್ಲುಜ್ಜುತ್ತ ನಿಂತಿದ್ದೆ. ಅಕ್ಕನ ಮಗಳು ಸಿಂಚನಾ ಮುಖ ತೊಳೆದುಕೊಂಡು ನನ್ನ ದುಪಟ್ಟಾದಲ್ಲಿ ಒರೆಸಿಕೊಳ್ಳಲು ಬಂದಳು. ಬಟ್ಟೆ ಹಣೆಗೆ ತಾಗಿದ್ದೇ ತಡ, ಬೆಂಕಿ ತಾಗಿದವಳಂತೆ ಹಿಂದೆ ಸರಿದಳು. ಎಡಹುಬ್ಬಿನ ಮೇಲೆ, ಕೂದಲಿನ ಅಂಚಿಗೆ ಹತ್ತಿರ, ಕೆಂಪಾದ ಚರ್ಮದ ಮೇಲೆ ನೀರು ತುಂಬಿದ ನಾಲ್ಕು ಸಣ್ಣ ಗುಳ್ಳೆಗಳಿದ್ದವು. ನಾನು ಬಾಯಿ ಮುಕ್ಕಳಿಸಿ ಒಳಗೆ ಹೋಗಿ, ಮೊದಲು ಡೈರಿ ತೆಗೆದೆ. ಆಮೇಲೆ ಅಕ್ಕನನ್ನು ಕರೆದೆ. ಈ ಕ್ರಮವನ್ನೂ ಬರೆದಿಡಬೇಕು ಅನ್ನಿಸುತ್ತದೆ.

ಇದೆಲ್ಲ ಮತ್ತೆ ನೆನಪಿಗೆ ಬಂದದ್ದು ಈ ವರ್ಷ ಮೇ 14ರ ಗುರುವಾರ, ಮಧ್ಯಾಹ್ನ 2.20ಕ್ಕೆ. ವಸಂತನರಸಾಪುರದಲ್ಲಿ ನಾನು ಕೆಲಸ ಮಾಡುವ ಕಾರ್ಖಾನೆಯ ಪಕ್ಕದಲ್ಲಿ ಹೊಸ ಶೆಡ್ಡಿಗೆ ಪಾಯ ತೋಡಿ ಕೆಮ್ಮಣ್ಣನ್ನು ಗುಡ್ಡೆ ಹಾಕಿದ್ದರು. ಶಿಫ್ಟ್ ಮುಗಿಸಿ ಗೇಟಿನ ಹತ್ತಿರ ಬರುವಾಗ ಮಳೆ ಶುರುವಾಯಿತು. ಜೊತೆಯ ಹುಡುಗಿಯರು ವಾಸನೆ ಎಷ್ಟು ಚೆನ್ನಾಗಿದೆ ಎಂದರು. ನಾನು ದುಪಟ್ಟಾವನ್ನು ಮೂಗಿಗೆ ಹಿಡಿದು ಗೇಟು ದಾಟಿದೆ. ಒದ್ದೆ ಕೆಮ್ಮಣ್ಣಿನ ವಾಸನೆ ಬಂದರೆ ನನಗೆ ಆ ಮಗುವಿನ ಮುಖ ಕಾಣುತ್ತದೆ.

ನನ್ನ ಕೆಲಸವೇ ಎಣಿಸುವುದು. ಬಾಟಲಿ ಮುಚ್ಚಳ ಮಾಡುವ ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಪ್ರತಿ ಗಂಟೆಗೆ ಎಷ್ಟು ಮುಚ್ಚಳ ಕೆಟ್ಟವು, ದೋಷ ಎಲ್ಲಿದೆ, ಅಂಚಿನಲ್ಲೋ ತಿರುಪಿನಲ್ಲೋ ಎಂದು ಹಾಳೆಯಲ್ಲಿ ತುಂಬಬೇಕು. ತುಮಕೂರಿನ ಸದಾಶಿವನಗರದ ನನ್ನ ರೂಮಿನಲ್ಲೂ ಎಲ್ಲಕ್ಕೂ ಒಂದು ಪಟ್ಟಿ ಇಟ್ಟಿದ್ದೇನೆ. ಗ್ಯಾಸ್ ಎಷ್ಟು ದಿನ ಬಂತು, ಎಷ್ಟು ದಿನ ನೀರು ಬರಲಿಲ್ಲ, ಎಲ್ಲ. ಅಕ್ಕ ಸವಿತಾ ಇದಕ್ಕೆ ನಗುತ್ತಿದ್ದಳು. ‘ನಮ್ಮ ರಮ್ಯಂಗೆ ಮದುವೆ ಆದ್ರೆ ಗಂಡ ಎಷ್ಟು ಸಲ ಸೀನಿದ ಅಂತ ಬರ್ಕೋತಾಳೆ’ ಎನ್ನುತ್ತಿದ್ದಳು.

ಆ ಭಾನುವಾರ ಗುಳ್ಳೆ ನೋಡಿ ಅಕ್ಕ ಸೊಳ್ಳೆ ಕಚ್ಚಿರಬೇಕು ಎಂದಳು. ಸಿಂಚನಾ ಶುಕ್ರವಾರದಿಂದಲೇ ‘ಅಮ್ಮ, ಕೂದಲು ನೋಯ್ತದೆ, ಬಾಚಬೇಡ’ ಎನ್ನುತ್ತಿದ್ದಳಂತೆ. ಜಡೆ ಬಿಗಿಯಾಯಿತೇನೋ ಎಂದು ಅಕ್ಕ ಸಡಿಲ ಮಾಡಿ ಶಾಲೆಗೆ ಕಳಿಸಿದ್ದಳು. ಅಷ್ಟರಲ್ಲಿ ಅಕ್ಕನ ಅತ್ತೆ ಗೌರಮ್ಮ ಪೂಜೆ ಮುಗಿಸಿ ಬಂದರು. ಮೊಮ್ಮಗಳ ಹಣೆಗೆ ವಿಭೂತಿ ಹಚ್ಚಲು ಎತ್ತಿದ ಕೈ ಹಾಗೇ ನಿಂತಿತು.

‘ಇದು ಸರ್ಪಸುತ್ತು ಕಣೇ’ ಎಂದರು.

‘ಮಕ್ಕಳಿಗೆ ಎಲ್ಲಿ ಆಗ್ತದೆ ಅತ್ತೆ? ಅದು ವಯಸ್ಸಾದೋರಿಗೆ’ ಎಂದಳು ಅಕ್ಕ.

‘ಯಾಕಾಗಲ್ಲ? ಪಂಚಮಿ ದಿವ್ಸ ಒಲೆ ಮೇಲೆ ಕಾವಲಿ ಇಟ್ಟೋಳು ಯಾರು? ನಾನು ಬೇಡ ಬೇಡ ಅಂದೆ.’

ಅದು ನಿಜ. ನಾಗರಪಂಚಮಿ ಮಂಗಳವಾರ ಬಂದಿತ್ತು. ಅಂದು ಆ ಮನೆಯಲ್ಲಿ ಕಾವಲಿ ಇಡುವುದಿಲ್ಲ, ಹುರಿಯುವುದಿಲ್ಲ, ಕರಿಯುವುದಿಲ್ಲ. ಬೇಯಿಸಿದ ಕಡುಬು ಮಾತ್ರ. ಸಿಂಚನಾ ಕಡುಬು ಬೇಡವೆಂದು ಹಟ ಮಾಡಿದ್ದಕ್ಕೆ ಅಕ್ಕ ಎರಡೇ ಎರಡು ದೋಸೆ ಹುಯ್ದು ಕೊಟ್ಟಿದ್ದಳು. ಅತ್ತೆಯ ಮಾತಿಗೆ ಅಕ್ಕನ ಮುಖ ಬಿಳಿಚಿಕೊಂಡಿತು. ಆಮೇಲಿನ ನಾಲ್ಕು ದಿನ ಅವಳು ಯಾವುದಕ್ಕೂ ಎದುರು ಮಾತಾಡಲಿಲ್ಲ.

ಭಾವ ಲೋಕೇಶ್ ಹಿರೇಹಳ್ಳಿಯ ವರ್ಕ್‌ಶಾಪಿನಲ್ಲಿ ಲೇತ್ ಮೆಷಿನ್ ನಡೆಸುತ್ತಾರೆ. ‘ಗುಬ್ಬಿ ಆಸ್ಪತ್ರೇಲಿ ಒಂದ್ಸಲ ತೋರಿಸ್ಕಂಡ್ ಬಂದ್‌ಬುಡ್ಲಾ?’ ಎಂದು ಬೈಕಿನ ಕೀ ತೆಗೆದುಕೊಂಡರು.

‘ತೋರಿಸು. ಅವ್ರು ಸೂಜಿ ಚುಚ್ತಾರೆ, ವಿಷ ಒಳಕ್ಕೆ ಇಳೀತದೆ. ಆಮೇಲೆ ನನ್ ಕೇಳ್‌ಬ್ಯಾಡ’ ಎಂದರು ಗೌರಮ್ಮ. ‘ಕುಣಿಗಲ್ ತಾವ ಅಜ್ಜ ಒಬ್ರು ಮಣ್ಣು ಕೊಡ್ತಾರೆ. ಮೂರು ಬೆಳಗ್ಗೆ ಹಚ್ಚಿದ್ರೆ ಒಣಗೋಯ್ತದೆ. ಈ ಹುಡುಗಿ ಅಪ್ಪಂಗೂ ಅಲ್ಲೇ ವಾಸಿ ಆಗಿದ್ದು, ಕೇಳು ಬೇಕಾದ್ರೆ.’

ಈ ಹುಡುಗಿ ಎಂದರೆ ನಾನು. ಅದೂ ನಿಜ. ನಾನು ಪಿಯುಸಿಯಲ್ಲಿದ್ದಾಗ ನಮ್ಮಪ್ಪನಿಗೆ ಸೊಂಟದಲ್ಲಿ ಸರ್ಪಸುತ್ತು ಆಗಿ, ಆ ಮಣ್ಣು ಹಚ್ಚಿ, ಹದಿನೇಳು ದಿನದಲ್ಲಿ ವಾಸಿಯಾಗಿತ್ತು. ಹದಿನೇಳು ಎಂದು ಎಣಿಸಿದವಳು ನಾನೇ. ಆದ್ದರಿಂದ ಕೇಳಿದಾಗ ಹೌದು ಎಂದೆ. ಬಿ.ಎಸ್ಸಿ. ಓದಿದವಳು ಹೌದು ಎಂದ ಮೇಲೆ ಭಾವ ಕೀಯನ್ನು ಗೂಡಿನಲ್ಲಿಟ್ಟರು. ಮಗುವಿಗೆ ಜ್ವರ ಬೇರೆ ಬರುತ್ತಿತ್ತು. ಹೊಸ್ತಿಲು ದಾಟಿಸಬಾರದು ಎಂದು ಗೌರಮ್ಮ ಹೇಳಿದರು. ಮಣ್ಣು ತರಲು ನಾನೊಬ್ಬಳೇ ಹೊರಟೆ.

ಹೊರಡುವ ಮುಂಚೆ ಡೈರಿಯಲ್ಲಿ ಒಂದು ಪಟ್ಟಿ ಎಳೆದೆ. ದಿನ, ಗಂಟೆ, ಗುಳ್ಳೆ ಎಷ್ಟು, ಜ್ವರ ಎಷ್ಟು, ಊಟ ಮಾಡಿದಳೋ ಇಲ್ಲವೋ. ಐದು ಕಾಲಂ. 11.15ಕ್ಕೆ ಮತ್ತೆ ಎಣಿಸಿದೆ, ಒಂಬತ್ತಾಗಿದ್ದವು.

ಗುಬ್ಬಿಯಿಂದ ತುಮಕೂರು, ತುಮಕೂರಿನಿಂದ ಕುಣಿಗಲ್, ಅಲ್ಲಿಂದ ಆಟೋ. ಅಜ್ಜನ ಮನೆ ಮುಟ್ಟಿದಾಗ 2.50. ಎಂಬತ್ತರ ಹತ್ತಿರದ ಮನುಷ್ಯ, ಜಗಲಿಯ ಮೇಲೆ ಕೂತು ಕಲ್ಲಿನ ಮೇಲೆ ಕೆಮ್ಮಣ್ಣಿನ ಉಂಡೆ ತೇಯುತ್ತಿದ್ದರು. ಪಕ್ಕದಲ್ಲಿ ಗರಿಕೆ ಅರೆದ ರಸ. ನನಗಿಂತ ಮುಂಚೆ ಬಂದಿದ್ದ ಐದು ಜನರಲ್ಲಿ ನಾಲ್ವರು ಸೊಂಟಕ್ಕೆ, ಒಬ್ಬರು ಬೆನ್ನಿಗೆ ಹಚ್ಚಿಸಿಕೊಂಡು ಹೋದರು.

‘ಯಾರಿಗವ್ವ?’ ಎಂದರು ನನ್ನ ಸರದಿ ಬಂದಾಗ.

‘ಅಕ್ಕನ ಮಗಳಿಗೆ. ಏಳು ವರ್ಷ. ಜ್ವರ ಇದೆ, ಕರ್ಕೊಂಡು ಬರಕ್ಕಾಗಲಿಲ್ಲ.’

‘ಎಡಕ್ಕೋ ಬಲಕ್ಕೋ?’

‘ಎಡಕ್ಕೆ.’

‘ಮಧ್ಯ ದಾಟಿಲ್ವಲ್ಲ?’

‘ಇಲ್ಲ ಅಜ್ಜ, ಎಡಗಡೆ ಮಾತ್ರ.’

‘ಎಷ್ಟವೆ?’

‘ಬೆಳಗ್ಗೆ ಆರೂ ನಲವತ್ತಕ್ಕೆ ನಾಲ್ಕು ಇದ್ವು. ಹನ್ನೊಂದೂಕಾಲಿಗೆ ಒಂಬತ್ತು.’

ಅವರು ಕೈ ನಿಲ್ಲಿಸಿ ನನ್ನನ್ನು ನೋಡಿದರು. ಒಳಗಿದ್ದ ಹೆಂಡತಿಗೆ ಕೂಗಿ ಹೇಳಿದರು: ‘ಕೇಳ್ದೇನಮ್ಮಿ, ಗಂಟೆ ಸಮೇತ ಬರ್ಕಂಡ್ ಬಂದವ್ಳೆ. ಇಷ್ಟು ವರ್ಷಕ್ಕೆ ಇಂಥ ಲೆಕ್ಕ ಕೊಟ್ಟೋರು ಇವ್ಳೇ ಮೊದ್ಲು.’

ನನಗೆ ಖುಷಿಯಾಯಿತು. ಮುತ್ತುಗದ ಎಲೆಯಲ್ಲಿ ಮೂರು ಉಂಡೆ ಕಟ್ಟಿಕೊಟ್ಟರು. ಸೋಮವಾರ, ಮಂಗಳವಾರ, ಬುಧವಾರ ಬೆಳಗ್ಗೆ ಗರಿಕೆ ರಸದಲ್ಲಿ ತೇಯ್ದು ದಪ್ಪವಾಗಿ ಹಚ್ಚಬೇಕು, ನೀರು ತಾಗಿಸಬಾರದು. ‘ದಿನಾ ಎಣಿಸ್ತಾ ಇರು. ನೀನಂತೂ ಎಣಿಸ್ತೀಯ ಬುಡು’ ಎಂದು ನಕ್ಕರು. ನಾನು ಒಂದು ತೆಂಗಿನಕಾಯಿ ಇಟ್ಟು ಬಂದೆ.

ಸೋಮವಾರದಿಂದ ನನಗೆ ಬೆಳಗಿನ ಶಿಫ್ಟ್. ತುಮಕೂರಿಗೆ ವಾಪಸಾಗಿದ್ದೆ. ದಿನಾ ಹೊಸ ಮಣ್ಣು ಹಚ್ಚುವ ಮುಂಚೆ ಅಕ್ಕ ಹಳೆಯದನ್ನು ಉದುರಿಸಿ, ಗುಳ್ಳೆ ಎಣಿಸಿ ಫೋನ್ ಮಾಡುತ್ತಿದ್ದಳು. ಸೋಮವಾರ 17. ಮಂಗಳವಾರ 31. ಮಂಗಳವಾರ ಎಣಿಸುತ್ತ ಅಕ್ಕ ಹೇಳಿದಳು, ‘ಮೂಗಿನ ತುದೀಲೂ ಒಂದು ಎದ್ದಿದೆ ಕಣೇ.’

‘ಅದನ್ನೂ ಸೇರಿಸಿ ಮೂವತ್ತೊಂದಾ, ಬಿಟ್ಟು ಮೂವತ್ತೊಂದಾ?’ ಎಂದು ಕೇಳಿದೆ.

‘ಸೇರಿಸಿ.’

‘ಸರಿ’ ಎಂದು ಬರೆದುಕೊಂಡೆ.

ಬುಧವಾರ 26 ಎಂದಳು. ಕಡಿಮೆಯಾಗಿತ್ತು. ಪಟ್ಟಿಯಲ್ಲಿ ಆ ಸಂಖ್ಯೆಯನ್ನು ಹಸಿರು ಪೆನ್ನಿನಲ್ಲಿ ಬರೆದಿದ್ದೇನೆ, ಪಕ್ಕದಲ್ಲಿ ‘ಇಳಿಮುಖ’ ಎಂದು ಕೂಡ. ಗುಳ್ಳೆಗಳು ಒಂದಕ್ಕೊಂದು ಕೂಡಿಕೊಂಡು ದೊಡ್ಡವಾದರೂ ಎಣಿಕೆ ಇಳಿಯುತ್ತದೆ ಎಂದು ನನಗೆ ಹೊಳೆಯಲಿಲ್ಲ. ಆ ಸಂಜೆ ಸಿಂಚನಾ ಫೋನ್ ಕಸಿದುಕೊಂಡು ಮಾತಾಡಿದಳು. ‘ಚಿಕ್ಕಿ, ನನ್ ಮುಖದ್ ಮೇಲೆ ಗೋಡೆ ಕಟ್ಟವ್ರೆ. ನಗೋಕಾಗಲ್ಲ, ಬಿರುಕು ಬಿಡ್ತದೆ.’ ನಾನು ನಕ್ಕೆ. ‘ಲೈಟ್ ಆರಿಸಕ್ಕೆ ಹೇಳು ಚಿಕ್ಕಿ, ಕಣ್ಣಿಗೆ ಚುಚ್ತದೆ’ ಎಂದಳು. ಜ್ವರಕ್ಕೆ ಹಾಗಾಗುತ್ತದೆ ಎಂದೆ.

ಗುರುವಾರ ಬೆಳಗ್ಗೆ 7.05ಕ್ಕೆ ಭಾವನ ಫೋನ್ ಕಾರ್ಖಾನೆಯ ಲ್ಯಾಂಡ್‌ಲೈನಿಗೆ ಬಂತು. ‘ಎಡಗಣ್ಣು ಪೂರಾ ಮುಚ್ಕೊಂಡದೆ. ಕೀವು ಬರ್ತಾ ಇದೆ. ಅವ್ವ ಇನ್ನೊಂದಿನ ನೋಡು ಅಂತಾರೆ. ನಾನು ಕಾರ್ ಮಾಡ್ಕಂಡ್ ಹೊರಟಿದೀನಿ, ನೀನು ತುಮಕೂರಲ್ಲಿ ಸಿಗು.’

ಆಸ್ಪತ್ರೆಯ ಬಾಗಿಲಲ್ಲಿ ಕಾರಿನಿಂದ ಇಳಿಸಿದಾಗ ನಾಲ್ಕು ದಿನದ ನಂತರ ಅವಳನ್ನು ನೋಡಿದೆ. ಎಡಗಡೆ ನೆತ್ತಿಯಿಂದ ಮೂಗಿನವರೆಗೆ ಒಣಗಿದ ಕೆಮ್ಮಣ್ಣು, ಅದರ ಬಿರುಕುಗಳಿಂದ ಹಳದಿ ನೀರು. ಕಣ್ಣಿದ್ದ ಕಡೆ ಒಂದು ಊದಿದ ಗಂಟು. ಬೆಳಕಿಗೆ ಮುಖ ತೋರದೆ ಅಪ್ಪನ ಹೆಗಲಲ್ಲಿ ಹುದುಗಿಕೊಂಡಿದ್ದಳು.

ಮಣ್ಣನ್ನು ಉಪ್ಪುನೀರಿನ ಹತ್ತಿಯಲ್ಲಿ ನೆನೆಸಿ ತೆಗೆಯಲು ನರ್ಸ್‌ಗೆ ಮುಕ್ಕಾಲು ಗಂಟೆ ಬೇಕಾಯಿತು. ಮಗು ಅತ್ತದ್ದು ಮೊದಲ ಹತ್ತು ನಿಮಿಷ ಮಾತ್ರ. ಆಮೇಲೆ ಅಳಲೂ ಶಕ್ತಿ ಇರಲಿಲ್ಲ. ಮಕ್ಕಳ ಡಾಕ್ಟರಮ್ಮ ಬಂದವರು ಮೊದಲು ನೋಡಿದ್ದು ಮೂಗಿನ ತುದಿಯನ್ನು. ನೋಡಿ ಕಣ್ಣಿನ ಡಾಕ್ಟರಿಗೆ ಫೋನ್ ಮಾಡಿದರು. ಮೂಗಿನ ತುದಿಗೂ ಕಣ್ಣಿಗೂ ಹೋಗುವುದು ಒಂದೇ ನರದ ಕವಲು, ತುದಿಯಲ್ಲಿ ಗುಳ್ಳೆ ಎದ್ದರೆ ಕಣ್ಣಿಗೂ ಇಳಿದಿರಬಹುದು ಎಂದು ತಿಳಿಯಬೇಕು ಎಂದರು.

‘ಯಾವಾಗ ಶುರುವಾಯ್ತು?’

ನಾನು ಡೈರಿ ಕೊಟ್ಟೆ. ಅವರು ನಿಂತಲ್ಲೇ ಪೂರ್ತಿ ಓದಿದರು. ಗಡಿಯಾರ ನೋಡಿದರು. 10.40.

‘ನೂರು ಗಂಟೆ’ ಎಂದರು. ‘ಗುಳ್ಳೆ ಕಂಡ ಎಪ್ಪತ್ತೆರಡು ಗಂಟೆ ಒಳಗೆ ಔಷಧಿ ಶುರು ಮಾಡಿದ್ರೆ ಚೆನ್ನಾಗಿ ಕೆಲಸ ಮಾಡುತ್ತೆ. ಈಗಲೂ ಕೊಡ್ತೀವಿ, ಕಣ್ಣಿಗೆ ಬಂದಿರೋದ್ರಿಂದ ಕೊಡಲೇಬೇಕು. ಇಷ್ಟು ನೀಟಾಗಿ ಬರೆದಿದೀರಲ್ಲಮ್ಮ, ಇದನ್ನ ಬರೆಯೋವಾಗ ಒಂದು ಫೋನ್ ಮಾಡಬಾರದಿತ್ತಾ?’

ಬೈಯಲಿಲ್ಲ. ಕೇಳಿದರು, ಅಷ್ಟೆ.

ಮಧ್ಯಾಹ್ನ 12.30ಕ್ಕೆ ಮೊದಲ ಬಾಟಲಿ ಹಾಕಿದರು. ವೈರಸ್ಸಿನ ಔಷಧಿ, ಎಂಟು ಗಂಟೆಗೊಮ್ಮೆ, ಪ್ರತಿ ಸಲ ಒಂದು ಗಂಟೆ ನಿಧಾನವಾಗಿ. ಏಳು ದಿನಕ್ಕೆ ಇಪ್ಪತ್ತೊಂದು ಬಾಟಲಿ. ಜ್ವರ, ನೋವಿಗೆ ಪ್ಯಾರಾಸಿಟಮಾಲ್. ಆಸ್ಪಿರಿನ್ ಮಾತ್ರ ಮಕ್ಕಳಿಗೆ ಕೊಡಲೇಬಾರದು ಎಂದು ಎರಡು ಸಲ ಹೇಳಿದರು. ಕಣ್ಣಿಗೆ ಮೂರು ಬಗೆಯ ಹನಿ. ಗುಳ್ಳೆಗಳಿಗೆ ಏನೂ ಇಲ್ಲ, ಬರೀ ಸ್ವಚ್ಛತೆ. ಮಗುವಿನ ಮೈಯ ರೋಗನಿರೋಧಕ ಶಕ್ತಿಯೇ ಕುಗ್ಗಿದೆಯೋ ಎಂದು ನೋಡಲು ರಕ್ತಪರೀಕ್ಷೆ ಮಾಡಿದರು. ಅದರಲ್ಲಿ ಏನೂ ಸಿಗಲಿಲ್ಲ. ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ. ಪಕ್ಕದ ಹಾಸಿಗೆಯ ಮಗುವಿನ ಅಜ್ಜಿ ಎಲ್ಲರಿಗೂ ಬಳೆ, ಕುಂಕುಮ ಕೊಟ್ಟರು. ಅಕ್ಕ ಕೈ ಹಿಂದಕ್ಕೆ ಎಳೆದುಕೊಂಡಳು.

‘ನಾನೇ ಮಾಡಿದ್ದು’ ಎಂದಳು ಅಕ್ಕ, ಡಾಕ್ಟರಮ್ಮ ರೌಂಡ್ಸಿಗೆ ಬಂದಾಗ. ‘ಪಂಚಮಿ ದಿನ ಕಾವಲಿ ಇಟ್ಟೆ.’

ಡಾಕ್ಟರಮ್ಮ ನಗಲಿಲ್ಲ. ‘ಇವಳಿಗೆ ಚಿಕ್ಕವಳಿದ್ದಾಗ ಅಮ್ಮ ಆಗಿತ್ತಾ?’ ಎಂದು ಕೇಳಿದರು. ಅಕ್ಕನಿಗೆ ಸರಿಯಾಗಿ ನೆನಪಿರಲಿಲ್ಲ. ನನ್ನ ಹಳೆಯ ಡೈರಿಯಲ್ಲಿ ಬರೆದದ್ದು ನನಗೆ ನೆನಪಿತ್ತು, ಹೇಳಿದೆ: ಸಿಂಚನಾಗೆ ಏಳನೇ ತಿಂಗಳಲ್ಲಿ ಸೀತಾಳೆ ಸಿಡುಬು, ಮನೆಯಲ್ಲಿ ಒಂಬತ್ತು ದಿನ ಒಗ್ಗರಣೆ ಹಾಕಲಿಲ್ಲ.

‘ಅದೇ ಇದು’ ಎಂದರು. ಸೀತಾಳೆ ವಾಸಿಯಾದ ಮೇಲೂ ಅದರ ವೈರಸ್ ನರದ ಬುಡದಲ್ಲಿ ಮಲಗಿರುತ್ತದಂತೆ. ಸಾಮಾನ್ಯವಾಗಿ ಏಳುವುದು ವಯಸ್ಸಾದ ಮೇಲೆ. ಹಸುಗೂಸಾಗಿದ್ದಾಗ ಸೀತಾಳೆ ಬಂದ ಮಕ್ಕಳಲ್ಲಿ ಬೇಗ ಏಳುವುದುಂಟು. ಹೆಚ್ಚಿನ ಮಕ್ಕಳಿಗೆ ಬೆನ್ನಿಗೋ ಸೊಂಟಕ್ಕೋ ಬರುತ್ತದೆ, ದೊಡ್ಡವರಷ್ಟು ನೋವಿರುವುದಿಲ್ಲ, ಎರಡು ಮೂರು ವಾರದಲ್ಲಿ ತಾನಾಗಿಯೇ ಒಣಗುತ್ತದೆ, ಎಷ್ಟೋ ಸಲ ವೈರಸ್ಸಿನ ಔಷಧಿಯೂ ಬೇಕಾಗುವುದಿಲ್ಲ. ‘ಅದಕ್ಕೇ ಮಣ್ಣಿಗೆ ಹೆಸರು ಬಂದಿರೋದು’ ಎಂದರು. ಆದರೆ ಹಣೆ, ಕಣ್ಣು, ಮೂಗು ಅಥವಾ ಕಿವಿಯ ಹತ್ತಿರ ಬಂದರೆ, ಇಲ್ಲವೇ ಬೇರೆ ಕಾಯಿಲೆಯಿಂದ ಸೊರಗಿದ ಮಗುವಿಗೆ ಬಂದರೆ, ಒಂದು ದಿನವೂ ಕಾಯಬಾರದು. ಗುಳ್ಳೆ ಒಣಗುವವರೆಗೆ ಅದರ ನೀರು ತಾಗಿದರೆ, ಸೀತಾಳೆ ಬಾರದವರಿಗೆ ಸೀತಾಳೆ ಬರಬಹುದು. ಎಳೆಮಕ್ಕಳನ್ನೂ ಬಸುರಿಯರನ್ನೂ ದೂರ ಇಡಬೇಕು.

ಅಕ್ಕ ಎಲ್ಲ ಕೇಳಿಸಿಕೊಂಡಳು. ಡಾಕ್ಟರಮ್ಮ ಹೋದ ಮೇಲೆ, ‘ಅವ್ರು ಹೇಳ್ತಾರೆ, ಪಾಪ’ ಎಂದಳು.

ಆಗಸ್ಟ್ 14ರಂದು ಮನೆಗೆ ಕಳಿಸಿದರು. ಗುಳ್ಳೆಗಳೆಲ್ಲ ಕಪ್ಪು ಹಕ್ಕಳೆಯಾಗಿದ್ದವು. ಕಣ್ಣು ತೆರೆದಿತ್ತು. ಕಪ್ಪುಗುಡ್ಡೆಯ ಮುಂದಿನ ಪಾರದರ್ಶಕ ಪೊರೆಯ ಮೇಲೆ ಮಾತ್ರ ಬಿಳಿ ಕಲೆ ಕೂತಿತ್ತು. ಬಲಗಣ್ಣು ಮುಚ್ಚಿ ನಾನು ಬೆರಳು ತೋರಿಸಿದೆ.

‘ಎಷ್ಟು?’

‘ಕೈ ಕಾಣ್ತದೆ ಚಿಕ್ಕಿ. ಬೆರಳು ಎಣಿಸಕ್ಕಾಗಲ್ಲ.’

ಆಗಸ್ಟ್ 24, ಭಾನುವಾರ, ಮತ್ತೆ ಕುಣಿಗಲ್ಲಿಗೆ ಹೋದೆ. ಯಾರಿಗೂ ಹೇಳಲಿಲ್ಲ. ಅಜ್ಜನ ಮೇಲೆ ಸಿಟ್ಟಿತ್ತು. ನಿಮ್ಮ ಮಣ್ಣಿನಿಂದ ಒಂದು ಮಗುವಿನ ಕಣ್ಣು ಹೋಯಿತು ಎಂದು ಹೇಳಿ ಬರಬೇಕು ಎಂದುಕೊಂಡಿದ್ದೆ. ಅವರು ನನ್ನನ್ನು ಗುರುತು ಹಿಡಿದರು.

‘ಗಂಟೆ ಲೆಕ್ಕದ ಹುಡುಗಿ ಅಲ್ವೇನವ್ವ? ಹೆಂಗವ್ಳೆ ಮಗು?’

ಹೇಳಿದೆ. ಹಣೆ, ಮೂಗು, ಕಣ್ಣು, ಎಲ್ಲ ಹೇಳಿದೆ. ಅವರ ಕೈಯಲ್ಲಿದ್ದ ಮಣ್ಣಿನುಂಡೆ ಕಲ್ಲಿನ ಮೇಲೆ ಹಾಗೇ ನಿಂತಿತು.

‘ಮುಕುದ್ ಮ್ಯಾಲಾ?’ ಎಂದರು. ‘ಮುಕುದ್ದಕ್ಕೆ ನಾನು ಮಣ್ಣು ಕೊಡಲ್ಲ ಕಣವ್ವ. ನಮ್ಮಪ್ಪನೂ ಕೊಡ್ತಿರ್ಲಿಲ್ಲ. ಮುಕುದ್ದು ಬಂದ್ರೆ ನಾನೇ ಬಸ್ ಹತ್ತಿಸಿ ದೊಡ್ಡಾಸ್ಪತ್ರೆಗೆ ಕಳಿಸ್ತೀನಿ, ಊರೋರ್ನೆಲ್ಲ ಕೇಳು. ನೀನು ಎಡಕ್ಕೆ ಅಂದೆ. ಒಂಬತ್ತು ಅಂದೆ. ಎಲ್ಲಿ ಅಂತ ಅನ್ಲಿಲ್ವಲ್ಲವ್ವ.’

‘ನೀವು ಕೇಳ್ಲಿಲ್ಲ ಅಜ್ಜ.’

‘ಕೇಳ್ಲಿಲ್ಲ’ ಎಂದು ಒಪ್ಪಿಕೊಂಡರು. ‘ನೀನು ಅಷ್ಟೆಲ್ಲ ಬರ್ಕಂಡ್ ಬಂದಿದ್ದೆ. ಇನ್ನೇನು ಕೇಳೋದು ಅನ್ನಿಸ್ತು.’

ವಾಪಸ್ ಬಸ್ಸಿನಲ್ಲಿ ಡೈರಿ ತೆರೆದು ನೋಡಿದೆ. ದಿನ, ಗಂಟೆ, ಗುಳ್ಳೆ, ಜ್ವರ, ಊಟ. ಕಾರ್ಖಾನೆಯ ಹಾಳೆಯಲ್ಲಿ ‘ದೋಷ ಎಲ್ಲಿದೆ’ ಎಂಬ ಕಾಲಂ ತುಂಬದಿದ್ದರೆ ಸೂಪರ್‌ವೈಸರ್ ಸಹಿ ಹಾಕುವುದಿಲ್ಲ. ಮನೆಯ ಪಟ್ಟಿಯಲ್ಲಿ ಆ ಕಾಲಮ್ಮನ್ನೇ ನಾನು ಎಳೆದಿರಲಿಲ್ಲ. ಎಲ್ಲಿ ಎಂದು ನನಗೆ ಗೊತ್ತಿತ್ತಲ್ಲ. ಹೇಳಿದ್ದರೆ ಆ ಮಧ್ಯಾಹ್ನ 3.30ರ ಹೊತ್ತಿಗೆ, ಅಂದರೆ ಗುಳ್ಳೆ ಕಂಡ ಒಂಬತ್ತನೇ ಗಂಟೆಗೆ, ಗೌರಮ್ಮ ನಂಬುವ ಒಬ್ಬನೇ ಒಬ್ಬ ಮನುಷ್ಯ ಆಸ್ಪತ್ರೆಗೆ ಹೋಗಿ ಎನ್ನುತ್ತಿದ್ದ. ಅಜ್ಜ ಹೇಳಿದ್ದರೆ ಗೌರಮ್ಮ ಕೇಳುತ್ತಿದ್ದರು.

ಇದನ್ನು ಒಂಬತ್ತು ತಿಂಗಳು ಯಾರಿಗೂ ಹೇಳಲಿಲ್ಲ. ಆ ಒಂಬತ್ತು ತಿಂಗಳೂ ಅಕ್ಕನ ಮನೆಯಲ್ಲಿ ಕಾವಲಿ ಒಲೆಯ ಮೇಲೇರಲಿಲ್ಲ. ಚಪಾತಿ ಇಲ್ಲ, ದೋಸೆ ಇಲ್ಲ, ರೊಟ್ಟಿ ಇಲ್ಲ. ಮುದ್ದೆ, ಅನ್ನ, ಇಡ್ಲಿ. ಸಿಂಚನಾ ದೋಸೆ ಕೇಳುವುದನ್ನು ದೀಪಾವಳಿಯ ಹೊತ್ತಿಗೆ ಬಿಟ್ಟಳು. ಕಲೆಯ ಕಣ್ಣನ್ನು ಮಿದುಳು ಮರೆಯಬಾರದೆಂದು ದಿನಾ ಎರಡು ಗಂಟೆ ಅವಳ ಒಳ್ಳೆಯ ಕಣ್ಣಿಗೆ ಪಟ್ಟಿ ಹಾಕಿ ಕೂರಿಸಬೇಕು. ಆ ಎರಡು ಗಂಟೆ ಅವಳು ಗೋಡೆ ಹಿಡಿದು ನಡೆಯುತ್ತಾಳೆ. ಗೌರಮ್ಮ ಆಗ ತೋಟಕ್ಕೆ ಹೋಗಿಬಿಡುತ್ತಾರೆ, ನೋಡಲಾಗುವುದಿಲ್ಲ ಅವರಿಗೆ. ಹೋಗುವಾಗ ಸೊಸೆಯ ಕಡೆ ಒಮ್ಮೆ ನೋಡಿ ಹೋಗುತ್ತಾರೆ.

ಮೇ 14ರ ಮಳೆಯ ಮಾರನೇ ದಿನದಿಂದ ಇದನ್ನು ಬರೆಯತೊಡಗಿದೆ. ಮೇ 24, ಭಾನುವಾರ, ಸಂಜೆ 5ಕ್ಕೆ ಇಲ್ಲಿಯವರೆಗಿನದನ್ನು ಅಕ್ಕನ ಕೈಗೆ ಕೊಟ್ಟೆ. ಅವಳು ಅಂಗಳದಲ್ಲಿ ಕೂತು ಓದಿದಳು. ಕುಣಿಗಲ್ಲಿನ ಭಾಗವನ್ನು ಎರಡು ಸಲ ಓದಿದಳು.

‘ಎಲ್ಲಿ ಅಂತ ನೀನು ಹೇಳ್ಲೇ ಇಲ್ವಾ?’

‘ಇಲ್ಲ ಅಕ್ಕ.’

‘ಅಷ್ಟೆಲ್ಲ ಹೇಳಿ?’

ಅವಳು ಹಾಳೆಗಳನ್ನು ನನ್ನ ಪಕ್ಕದಲ್ಲಿಟ್ಟು ಒಳಗೆ ಹೋದಳು. ನಾನು ಬಸ್ಸಿಗೆ ಹೊರಟಾಗ ಆಚೆ ಬರಲಿಲ್ಲ.

ಸೋಮವಾರ ಬೆಳಗ್ಗೆ 7.30ಕ್ಕೆ ಭಾವನ ಫೋನಿನಿಂದ ಸಿಂಚನಾ ಮಾತಾಡಿದಳು, ಪಿಸುಮಾತಿನಲ್ಲಿ. ‘ಚಿಕ್ಕಿ, ಅಮ್ಮ ದೋಸೆ ಹುಯ್ದಳು. ನಾನು ನಾಲ್ಕು ತಿಂದೆ. ನಿಂಗೆ ಹೇಳ್ಬೇಡ ಅಂದವ್ಳೆ.’

ಅಂದಿನಿಂದ ಅಕ್ಕ ನನಗೆ ಫೋನ್ ಮಾಡಿಲ್ಲ. ಕಾವಲಿಯ ಭಾರ ಅವಳ ತಲೆಯಿಂದ ಇಳಿದಿದೆ. ಇಳಿದು ಎಲ್ಲಿಗೆ ಬಂದಿದೆ ಎಂದು ನನಗೆ ಗೊತ್ತು. ಇಂದಿಗೆ ಹನ್ನೊಂದು ದಿನ.

ಕಣ್ಣಿನ ಡಾಕ್ಟರ್ ಹೇಳುವ ಪ್ರಕಾರ ಸಿಂಚನಾ ಬೆಳೆದಂತೆ ಕಲೆ ತೆಳುವಾಗಬಹುದು, ಆಗದೆಯೂ ಇರಬಹುದು; ಬೇರೆಯವರ ಪೊರೆ ಕೂರಿಸುವ ಮಾತು ಮಕ್ಕಳಲ್ಲಿ ಕಷ್ಟ, ಕಾಯೋಣ ಎನ್ನುತ್ತಾರೆ. ಇದುವರೆಗೆ ಸರ್ಪಸುತ್ತು ಕಣ್ಣಿಗೆ ಬಂದವರೆಂದು ನನಗೆ ಸಿಕ್ಕವರೆಲ್ಲ ದೊಡ್ಡವರು. ಹತ್ತು ವರ್ಷದೊಳಗೆ ಸರ್ಪಸುತ್ತು ಕಣ್ಣಿಗೆ ಬಂದ ಮಗು ನಿಮ್ಮ ಮನೆಯಲ್ಲೋ ಊರಿನಲ್ಲೋ ಇದ್ದರೆ, ಆ ಕಲೆ ಮುಂದೆ ಏನಾಯಿತು, ಎಷ್ಟು ವರ್ಷಕ್ಕೆ ಏನು ಮಾಡಿಸಿದಿರಿ, ಈಗ ಎಷ್ಟು ಕಾಣುತ್ತದೆ ಎಂದು ದಯವಿಟ್ಟು ಇದು ಅಚ್ಚಾಗುವ ಈ ಪತ್ರಿಕೆಯ ಮೂಲಕ ನನಗೆ ಬರೆಯಿರಿ. ತಾರೀಖು, ಗಂಟೆ ನೆನಪಿಲ್ಲದಿದ್ದರೂ ಚಿಂತೆಯಿಲ್ಲ. ಮುಖದಲ್ಲಿ ಎಲ್ಲಿ ಬಂದಿತ್ತು ಎಂಬುದನ್ನು ಮಾತ್ರ ಮೊದಲ ಸಾಲಿನಲ್ಲೇ ಬರೆಯಿರಿ.